ಅಂಗಳದಲ್ಲಿ ನೀಲಕುರಿಂಜಿ ನೆಟ್ಟಿದ್ದೇನೆ, 2030ಕ್ಕೆ ಹೂ ಬಿಟ್ಟೀತೇ?

ಅಡಿಕೆಹಾಳೆ (ಪೆರ್ಲ) · ಜೂನ್ 8

ಎಲ್ಲರಿಗೂ ನಮಸ್ಕಾರ. ಬೇಸಗೆಯಲ್ಲಿ ಒಂದು ಜಾತ್ರೆಗೆ ಹೋಗಿದ್ದಾಗ ಗಿಡ ಮಾರುವವನೊಬ್ಬ ‘ನೀಲಕುರಿಂಜಿ’ ಅಂತ ಹೇಳಿ ಮೂರು ಗಿಡ ಕೊಟ್ಟ. ಒಂದಕ್ಕೆ 250 ರೂಪಾಯಿ. "2030ಕ್ಕೆ ಸರಿಯಾಗಿ ಹೂ ಬರುತ್ತದೆ, ಅಲ್ಲಿಯವರೆಗೆ ನೀರು ಹಾಕಿದರೆ ಸಾಕು" ಎಂದ. ಈಗ ಮಳೆ ಹಿಡಿದ ಮೇಲೆ ಮೂರೂ ಚೆನ್ನಾಗಿ ಚಿಗುರಿವೆ, ಮೊಣಕಾಲಿನವರೆಗೆ ಬಂದಿವೆ. ಬಾವಿಕಟ್ಟೆಯ ಪಕ್ಕ, ಹಲಸಿನ ಮರದ ನೆರಳಲ್ಲಿ ನೆಟ್ಟಿದ್ದೇನೆ.

ಇದಕ್ಕೆ ಇಷ್ಟು ಆಸೆ ಯಾಕೆ ಅಂದರೆ, ಹನ್ನೆರಡು ವರ್ಷಕ್ಕೊಮ್ಮೆ ಬರುವ ಈ ಹೂ ನೋಡಲು 2018ರಲ್ಲಿ ಅಮ್ಮನನ್ನು ಮುನ್ನಾರಿಗೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದೆ. ಆಗಸ್ಟಿನಲ್ಲಿ ಆ ದೊಡ್ಡ ನೆರೆ ಬಂತು. ಗುಡ್ಡ ಜರಿದು ದಾರಿ ಕಟ್ಟಾಯಿತು. ಕೋಣೆ ಬುಕ್ ಮಾಡಿದ್ದು ರದ್ದಾಯಿತು. ಅಮ್ಮನಿಗೆ ಈಗ 71. ಇನ್ನು ಘಟ್ಟ ಹತ್ತಿಸುವ ಧೈರ್ಯ ನನಗಿಲ್ಲ. ಹೂವೇ ಮನೆಗೆ ಬಂದರೆ ಒಳ್ಳೆಯದಲ್ವಾ ಅಂತ.

ಗೊಬ್ಬರ ಏನು ಹಾಕಲಿ? ಸುಣ್ಣ ಬೇಕಾ?

ಸವಾರಿ_ಸುಳ್ಯ · ಜೂನ್ 8

250 ಜಾಸ್ತಿ ಆಯ್ತು ಭಾವ.

ತುಡುವೆಪೆಟ್ಟಿಗೆ · ಜೂನ್ 8

ಫೋಟೋ ಹಾಕಿ. ಎಲೆಯ ಮೇಲ್ಭಾಗ, ಹಿಂಭಾಗ ಎರಡೂ. ಆಮೇಲೆ ಗೊಬ್ಬರದ ಮಾತು.

ಅಡಿಕೆಹಾಳೆ (ಪೆರ್ಲ) · ಜೂನ್ 9

ಫೋಟೋ ಹಾಕಿದ್ದೇನೆ. ಎಲೆ ಉದ್ದ, ತುದಿ ಚೂಪು, ಕಡು ಹಸಿರು, ಮೇಲೆ ಹೊಳಪು. ಎಳೆ ಎಲೆಯ ಅಂಚಿಗೆ ಸಣ್ಣ ರೋಮ ಇದೆ. ಗೆಣ್ಣು ದಪ್ಪ.

ಬಾಟನಿಟೀಚರ್ · ಜೂನ್ 9

ನೋಡಿದೆ. ಬೇಜಾರು ಮಾಡಿಕೊಳ್ಳಬೇಡಿ. ಅದು ನೀಲಕುರಿಂಜಿ ಅಲ್ಲ ಅಂತ ನನಗೆ ತೊಂಬತ್ತು ಪಾಲು ಅನಿಸುತ್ತಿದೆ. ಹೂ ಬಂದ ಮೇಲೆ ಉಳಿದ ಹತ್ತು ಪಾಲು ಹೇಳುತ್ತೇನೆ.

ಮೊದಲು ಕುಟುಂಬದಿಂದ ಶುರು ಮಾಡೋಣ. ಕುರಿಂಜಿ ಅಕಾಂಥೇಸಿ ಕುಟುಂಬದ ಗಿಡ. ಹೆಸರು ಹೊಸತು ಅನಿಸಬಹುದು, ಮಂದಿ ಹೊಸಬರಲ್ಲ. ನಿಮ್ಮ ಅಮ್ಮ ಮಲ್ಲಿಗೆಯ ಜೊತೆ ಕಟ್ಟಿ ಮುಡಿಯುವ ಕನಕಾಂಬರ ಇದೇ ಕುಟುಂಬ. ಗೋರಟೆ ಇದೇ. ಕೆಮ್ಮಿಗೆ ಕಷಾಯ ಮಾಡುವ ಆಡುಸೋಗೆಯೂ ಇದೇ. ಎಲೆ ಎದುರುಬದುರು ಜೋಡಿ, ಗೆಣ್ಣು ಊದಿಕೊಂಡದ್ದು, ಕಾಂಡ ಎಳೆಯದಿದ್ದಾಗ ಚೌಕ. ಇಷ್ಟು ಕಂಡರೆ ಈ ಮನೆಯವರು ಅಂತ ಅನುಮಾನ ಪಡಬಹುದು.

ಚಿಕ್ಕವರಿದ್ದಾಗ ಕನಕಾಂಬರದ ಒಣಗಿದ ಕಾಯಿಯನ್ನು ನೀರಿಗೆ ಹಾಕಿ ಆಡಿದ್ದೀರಾ? ಟಪ್ ಅಂತ ಸಿಡಿದು ಬೀಜ ಹಾರುತ್ತದೆ. ಆ ಕಾಯಿಯ ಒಳಗೆ ಪ್ರತಿ ಬೀಜದ ಕೆಳಗೂ ಒಂದು ಸಣ್ಣ ಗಟ್ಟಿ ಕೊಕ್ಕೆ ಇರುತ್ತದೆ. ಕಾಯಿ ಸೀಳಿದಾಗ ಆ ಕೊಕ್ಕೆಯೇ ಬೀಜವನ್ನು ಎಸೆಯುವುದು. ಕವಣೆ ಇದ್ದ ಹಾಗೆ. ಕುರಿಂಜಿಯ ಕಾಯಿಯಲ್ಲೂ ಅದೇ ಕೊಕ್ಕೆ ಇದೆ. ಹಾಗಾಗಿ ಮುನ್ನಾರಿನ ಹೂವಿಗೂ ನಿಮ್ಮ ಅಂಗಳದ ಕನಕಾಂಬರಕ್ಕೂ ನೆಂಟಸ್ತಿಕೆ ದೂರದ್ದೇನಲ್ಲ.

ಕುರಿಂಜಿಗಳ ಕುಲದ ಹೆಸರು ಸ್ಟ್ರೊಬಿಲಾಂಥಸ್. ಗ್ರೀಕಿನಲ್ಲಿ ಸ್ಟ್ರೊಬಿಲೋಸ್ ಅಂದರೆ ಪೈನ್ ಮರದ ಕಾಯಿಯಂಥದ್ದು, ಆಂಥೋಸ್ ಅಂದರೆ ಹೂ. ಮೊಗ್ಗಿನ ತೆನೆ ನೋಡಿದರೆ ಹೆಸರು ಸರಿ ಅನಿಸುತ್ತದೆ. ಈ ಕುಲದಲ್ಲಿ ಭಾರತದಲ್ಲೇ ನೂರೈವತ್ತರ ಆಸುಪಾಸು ಜಾತಿಗಳಿವೆ. ಅದರಲ್ಲಿ ಸ್ಟ್ರೊಬಿಲಾಂಥಸ್ ಕುಂತಿಯಾನ ಒಂದೇ ನಿಜವಾದ ನೀಲಕುರಿಂಜಿ. ಅದು ಇರುವುದು ಸುಮಾರು 1300ರಿಂದ 2400 ಮೀಟರ್ ಎತ್ತರದಲ್ಲಿ. ಶೋಲಾ ಕಾಡು (ಎತ್ತರದ ಬೆಟ್ಟದ ಕಣಿವೆಗಳಲ್ಲಿರುವ ಕುಳ್ಳ ಮರಗಳ ಕಾಡು) ಮತ್ತು ಹುಲ್ಲುಗಾವಲು ಸೇರುವ ಕಡೆ, ಮೋಡ ಬಂದು ಮೈಗೆ ತಾಗುವ ಜಾಗದಲ್ಲಿ.

ಪೆರ್ಲ ಎಷ್ಟು ಎತ್ತರದಲ್ಲಿದೆ ನೀವೇ ಹೇಳಿ.

ಸವಾರಿ_ಸುಳ್ಯ · ಜೂನ್ 9

ಪೆರ್ಲದಲ್ಲಿ ಮೋಡ ತಾಗುವುದು ಅಡಿಕೆಗೆ ಮದ್ದು ಬಿಡಲು ಹೊರಟ ದಿನ ಮಾತ್ರ.

ಅಡಿಕೆಹಾಳೆ (ಪೆರ್ಲ) · ಜೂನ್ 9

ಟೀಚರ್, ಹಾಗಾದರೆ ರಾಣಿಪುರದಲ್ಲಿ ಇರಬಹುದಲ್ವಾ? ಅದು ನಮ್ಮ ಕಾಸರಗೋಡು ಜಿಲ್ಲೆಯೇ. ಅಲ್ಲೂ ಮಂಜು ಇದೆ, ಶೋಲಾ ಇದೆ, ಹುಲ್ಲು ಇದೆ. ಅಮ್ಮನನ್ನು ಅಲ್ಲಿಗಾದರೂ ಜೀಪಿನಲ್ಲಿ ಕರೆದುಕೊಂಡು ಹೋಗಬಹುದು.

ಬಾಟನಿಟೀಚರ್ · ಜೂನ್ 9

ನೋಟಕ್ಕೆ ರಾಣಿಪುರ ಸಣ್ಣ ಮುನ್ನಾರ್ ಹೌದು. ಆದರೆ ಗುಡ್ಡದ ತಲೆಯೂ ಸಾವಿರ ಮೀಟರಿನ ಆಸುಪಾಸು ಅಷ್ಟೆ. ಆಚೆ ತಲಕಾವೇರಿ 1276. ನೀಲಕುರಿಂಜಿಯ ಲೆಕ್ಕದಲ್ಲಿ ಇದು ಇನ್ನೂ ಮೆಟ್ಟಿಲು. ಕುರಿಂಜಿ ಕುಲದ ಬೇರೆ ಜಾತಿಗಳು ಇಂಥ ಕಾಡಿನಲ್ಲಿ ನೆರಳಿನಡಿ ಇರುತ್ತವೆ. ಬೆಟ್ಟವಿಡೀ ನೀಲಿಯಾಗುವ ಆಟ ಅಲ್ಲಿಲ್ಲ.

ಘಟ್ಟದಮೇಲೆ · ಜೂನ್ 10

ನಾನು ಒಪ್ಪುವುದಿಲ್ಲ. 12 ವರ್ಷ, 12 ವರ್ಷ ಅಂತ ಎಲ್ಲರೂ ಹೇಳುತ್ತಾರೆ. 2021ರಲ್ಲಿ ನಮ್ಮ ಕೊಡಗಿನ ಮಾಂದಲಪಟ್ಟಿ ನೀಲಿಯಾಯಿತು. ಜನ ಹೇಗೆ ಸೇರಿದ್ದರೆಂದರೆ ಹೂವಿಗಿಂತ ಜೀಪು ಹೆಚ್ಚು. 2022ರಲ್ಲಿ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಕಡೆ ಆಯಿತು. 2018ಕ್ಕೆ ಮುನ್ನಾರ್. ಇದರಲ್ಲಿ ಯಾವ ಹನ್ನೆರಡು? ಪ್ರವಾಸದವರು ಕಟ್ಟಿದ ಕತೆ ಇದು.

ಬಾಟನಿಟೀಚರ್ · ಜೂನ್ 10

ಪ್ರಶ್ನೆ ಸರಿಯಾಗಿದೆ, ತೀರ್ಪು ಸರಿಯಿಲ್ಲ.

ಮೊದಲನೆಯದು, ಮಾಂದಲಪಟ್ಟಿಯಲ್ಲಿ ಅರಳಿದ್ದು ಕುಂತಿಯಾನ ಅಲ್ಲ, ಅದೇ ಕುಲದ ಸೆಸಿಲಿಸ್ ಅನ್ನುವ ಬೇರೆ ಜಾತಿ ಅಂತ ಆಗಲೇ ಗುರುತಿಸಿದ್ದರು. ಪೇಪರಿನವರಿಗೆ ನೀಲಿಯಾಗಿ ಕಂಡದ್ದೆಲ್ಲ ನೀಲಕುರಿಂಜಿ. ಎರಡನೆಯದು, ಒಂದೇ ಜಾತಿಯಲ್ಲೂ ಬೇರೆ ಬೇರೆ ಬೆಟ್ಟದ ಪಂಗಡಗಳಿಗೆ ಬೇರೆ ಬೇರೆ ವರ್ಷ ಇರುತ್ತದೆ. 2022ರಲ್ಲಿ ಇಡುಕ್ಕಿಯ ಶಾಂತನ್‌ಪಾರ ಹತ್ತಿರದ ಕಳ್ಳಿಪ್ಪಾರದಲ್ಲಿ ಅರಳಿತಲ್ಲ, ಮುನ್ನಾರ್ ಆಗ ಸುಮ್ಮನಿತ್ತು. ಎರಡರ ನಡುವೆ ದೂರ ಎಷ್ಟು? ಹೆಚ್ಚೇನಿಲ್ಲ.

ಹಾಗಂತ 12 ಕತೆಯಲ್ಲ. ಹಳೆಯ ದಾಖಲೆ 1838ರದ್ದು. ಆಮೇಲೆ 1850, 1862, 1874 ಹೀಗೇ ಎಣಿಸುತ್ತಾ ಬನ್ನಿ, 1994, 2006, 2018ಕ್ಕೆ ಬಂದು ನಿಲ್ಲುತ್ತೀರಿ. ಹದಿನೈದು ಸುತ್ತು. ಒಂದು ಗಿಡ 180 ವರ್ಷ ಲೆಕ್ಕ ತಪ್ಪದೆ ತಲೆಮಾರಿನಿಂದ ತಲೆಮಾರಿಗೆ ದಾಟಿಸಿದೆ. ನಮ್ಮ ಜಾತ್ರೆಯ ತಾರೀಕಿಗೂ ಪಂಚಾಂಗ ಬೇಕು.

ಸವಾರಿ_ಸುಳ್ಯ · ಜೂನ್ 10

ಗಿಡ ವರ್ಷ ಎಣಿಸುವುದು ಹೇಗೆ ಟೀಚರ್?

ಬಾಟನಿಟೀಚರ್ · ಜೂನ್ 10

ಅದು ಇನ್ನೂ ಪೂರ್ತಿ ಬಿಡಿಸದ ಒಗಟು. ‘ಹೇಗೆ’ ಅನ್ನುವುದಕ್ಕಿಂತ ‘ಯಾಕೆ’ ಅನ್ನುವುದಕ್ಕೆ ಉತ್ತರ ಸ್ವಲ್ಪ ಸುಲಭ. ಬಿದಿರು ನೆನಪಿಸಿಕೊಳ್ಳಿ. ಬದುಕಿನಲ್ಲಿ ಒಂದೇ ಸಲ ಹೂ, ಆಮೇಲೆ ಸಾವು. ಕಾಡಿನ ಬಿದಿರೆಲ್ಲ ಒಟ್ಟಿಗೆ. ಇಲಿ ತಿಂದರೂ, ಹಕ್ಕಿ ತಿಂದರೂ ಮುಗಿಯದಷ್ಟು ಬಿದಿರಕ್ಕಿ. ಕುರಿಂಜಿಯೂ ಹಾಗೆಯೇ. ಪ್ರತಿ ವರ್ಷ ಒಂದೊಂದು ಹಿಡಿ ಬೀಜ ಬಿಟ್ಟರೆ ಹುಳ ಹುಪ್ಪಟೆ ಅಷ್ಟನ್ನೂ ಮುಗಿಸುತ್ತವೆ. ಹನ್ನೆರಡು ವರ್ಷ ಏನೂ ಕೊಡದೆ ಉಪವಾಸ ಕೆಡವಿ, ಒಂದು ದಿನ ರಾಶಿ ಸುರಿದರೆ ತಿಂದು ಮುಗಿಸುವವರು ಯಾರೂ ಇರುವುದಿಲ್ಲ.

ಇಲ್ಲಿ ಒಂದು ಮಾತು ಎಲ್ಲರೂ ಮರೆಯುತ್ತಾರೆ. ಹೂ ಬಿಟ್ಟು ಬೀಜ ಉದುರಿಸಿದ ಮೇಲೆ ಆ ಗಿಡ ಸಾಯುತ್ತದೆ. 2030ಕ್ಕೆ ಅರಳುವುದು 2018ರ ಗಿಡಗಳ ಮಕ್ಕಳು. ‘ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುವ ಗಿಡ’ ಅನ್ನುವುದೇ ಸರಿಯಾದ ಮಾತಲ್ಲ. ಒಂದು ಗಿಡಕ್ಕೆ ಎರಡನೇ ಸಲ ಅಂತ ಇಲ್ಲ.

ಗಡಹಿಂಗ್ಲಜಕರ · ಜೂನ್ 11

ನಮ್ಮ ಕಡೆ ಇದರ ಅಣ್ಣನಿದ್ದಾನೆ. ಮರಾಠಿಯಲ್ಲಿ ಕಾರ್ವಿ, ಸ್ಟ್ರೊಬಿಲಾಂಥಸ್ ಕಲೋಸಾ. ಅದರದ್ದು ಎಂಟು ವರ್ಷದ ಲೆಕ್ಕ. ಮುಂಬಯಿ ಕಡೆ 2008, 2016, 2024 ಹೀಗೆ ಅರಳಿತು. ಕಡ್ಡಿ ಗಟ್ಟಿ. ಹಿಂದೆ ಗುಡಿಸಲ ಗೋಡೆಗೆ ಕಾರ್ವಿ ಕಡ್ಡಿ ಹೆಣೆದು ಮಣ್ಣು ಸೆಗಣಿ ಮೆತ್ತುತ್ತಿದ್ದರು. ನಮ್ಮ ಅಜ್ಜನ ದನದ ಕೊಟ್ಟಿಗೆ ಹಾಗೇ ಇತ್ತು. ಹೂವಿನ ಬಗ್ಗೆ ಅಜ್ಜ ಒಂದು ಮಾತು ಆಡಿದ್ದು ನನಗೆ ನೆನಪಿಲ್ಲ, ಕಡ್ಡಿಯ ಬಗ್ಗೆ ಜಗಳವೇ ಆಗಿದೆ.

ತುಡುವೆಪೆಟ್ಟಿಗೆ · ಜೂನ್ 11

ಮಲೆನಾಡಿನಲ್ಲಿ ಗುರಿಗೆ ಅನ್ನುತ್ತಾರೆ ಇವನ್ನೆಲ್ಲ. ಗುರಿಗೆ ಹೂವಾದ ವರ್ಷ ಜೇನಿಗೆ ಹಬ್ಬ. ನೀಲಕುರಿಂಜಿಗೆ ಮುಖ್ಯವಾಗಿ ಪರಾಗ ಮುಟ್ಟಿಸುವುದು ನಾವು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನೇ. ಹೆಜ್ಜೇನೂ ಬರುತ್ತದೆ. ಆ ಜೇನು ತಿಂದವರು ಅದನ್ನು ಮರೆಯುವುದಿಲ್ಲ, ಆದರೆ ಅಂಗಡಿಯಲ್ಲಿ ‘ಕುರಿಂಜಿ ಜೇನು’ ಅಂತ ಪ್ರತಿ ವರ್ಷವೂ ಸಿಗುತ್ತದೆ! ಅದು ಯಾವ ಕುರಿಂಜಿಯದು ಅಂತ ಕೇಳಬೇಡಿ.

ಕೋತಗಿರಿಯವಳು · ಜೂನ್ 12

ನೀಲಗಿರಿಯಿಂದ ಬರೆಯುತ್ತಿದ್ದೇನೆ. ಬಡಗರ ಮನೆ ನಮ್ಮದು, ಕನ್ನಡ ಓದಿ ಕಲಿತದ್ದು, ತಪ್ಪಿದ್ದರೆ ತಿದ್ದಿ.

ನೀವೆಲ್ಲ ಹೂ ಯಾವಾಗ ಅಂತ ಕೇಳುತ್ತಿದ್ದೀರಿ. ಇಲ್ಲಿ ನಾವು ಕೇಳುವುದು ಹೂ ಎಲ್ಲಿ ಅಂತ. ಅಜ್ಜಿ ತೋರಿಸುತ್ತಿದ್ದ ಬೆಟ್ಟದಲ್ಲಿ ಈಗ ಚಹಾ ಇದೆ. ಅದರಾಚೆ ನೀಲಗಿರಿ ಮರ, ಆಸ್ಟ್ರೇಲಿಯಾದಿಂದ ತಂದ ವ್ಯಾಟಲ್. ಹುಲ್ಲುಗಾವಲು ಖಾಲಿ ಜಾಗ ಅಂತ ಬ್ರಿಟಿಷರು ತಿಳಿದರು, ಆಮೇಲೆ ಬಂದವರೂ ಹಾಗೇ ತಿಳಿದರು. ಸೌದೆಗೆ, ತೊಗಟೆಗೆ ಮರ ನೆಟ್ಟರು. ಕುರಿಂಜಿ ಗಿಡ ಬಯಲಿನಲ್ಲಿ ಗಾಳಿಗೆ ಕುಗ್ಗಿ ಒಂದೆರಡು ಅಡಿ ಇರುತ್ತದೆ. ಮರೆ ಸಿಕ್ಕರೆ ಆಳೆತ್ತರ. ವ್ಯಾಟಲಿನ ಕಗ್ಗತ್ತಲ ನೆರಳಲ್ಲಿ ಎರಡೂ ಇಲ್ಲ.

ಹನ್ನೊಂದು ವರ್ಷ ಅದು ಬರೀ ಪೊದೆ. ಯಾರೂ ಗುರುತಿಸುವುದಿಲ್ಲ. ಆ ಹನ್ನೊಂದು ವರ್ಷದಲ್ಲಿ ಯಾರಾದರೂ ರೆಸಾರ್ಟ್ ಕಟ್ಟಲು ನೆಲ ಸಮ ಮಾಡಿದರೆ, ಹೋದದ್ದು ಏನು ಅಂತ ಹನ್ನೆರಡನೇ ವರ್ಷವೂ ಗೊತ್ತಾಗುವುದಿಲ್ಲ. ನಮ್ಮ ಮನೆ ಹಿಂದಿನ ಇಳಿಜಾರಿನಲ್ಲಿ ಹಾಗೇ ಆಯಿತು.

ಘಟ್ಟದಮೇಲೆ · ಜೂನ್ 12

ನೀಲಗಿರಿ ಅನ್ನುವ ಹೆಸರು ಈ ಹೂವಿನಿಂದಲೇ ಬಂದದ್ದಲ್ವಾ ಅಕ್ಕ?

ಕೋತಗಿರಿಯವಳು · ಜೂನ್ 12

ಹಾಗೆ ಹೇಳುತ್ತಾರೆ. ದೂರದಿಂದ ನೋಡಿದರೆ ಬೆಟ್ಟ ಎಲ್ಲ ದಿನವೂ ನೀಲಿಯೇ.

ಹಳೆಗನ್ನಡಪ್ರಿಯ · ಜೂನ್ 12

ಹೆಸರು ಮಾತ್ರ ಹಳೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ತೋದರನ್ನು (ನೀಲಗಿರಿಯ ತೋಡ ಬುಡಕಟ್ಟಿನವರನ್ನು) ಹೆದರಿಸಿ ನೀಲಾದ್ರಿಯನ್ನು ಹಿಡಿದ ಅಂತ ಚಾಮರಾಜನಗರದ 1117ರ ಶಾಸನದಲ್ಲಿ ಬರುತ್ತದೆ. ಅವನು ಹೋದ ವರ್ಷ ಹೂ ಇತ್ತಾ ಅಂತ ಶಾಸನ ಬರೆದವನು ಹೇಳಿಲ್ಲ. 1838ರಿಂದ ಹಿಂದಕ್ಕೆ ಹನ್ನೆರಡು ಹನ್ನೆರಡಾಗಿ ಕಳೆಯುತ್ತಾ ಹೋದರೆ 1118 ಬರುತ್ತದೆ! ಸುಮ್ನೆ ಮಜಕ್ಕೆ ಲೆಕ್ಕ ಹಾಕಿದೆ, ಇದನ್ನು ಹಿಡಿದುಕೊಂಡು ಯಾರೂ ಫಾರ್ವರ್ಡ್ ಮಾಡಬೇಡಿ.

ಸವಾರಿ_ಸುಳ್ಯ · ಜೂನ್ 12

ಮಾಡಿ ಆಯ್ತು ಮಾಷ್ಟ್ರೇ.

ಅಡಿಕೆಹಾಳೆ (ಪೆರ್ಲ) · ಜೂನ್ 13

ಎಲ್ಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಬಿದಿರಕ್ಕಿಯ ಮಾತು ಬಂದಾಗ "ಬಿದಿರು ಹೂ ಬಿಟ್ಟರೆ ಬರಗಾಲ" ಅಂತ ಅವರೇ ಅರ್ಧ ಗಂಟೆ ಕತೆ ಹೇಳಿದರು.

ಈಗ ಎರಡು ಪ್ರಶ್ನೆ. ಒಂದು, ನನ್ನ ಅಂಗಳದಲ್ಲಿ ಇರುವುದು ಏನು? ಎರಡು, ನಿಜವಾದದ್ದನ್ನೇ ಎಲ್ಲಿಂದಾದರೂ ತರಿಸಿದರೆ ಬದುಕುತ್ತದಾ? ಎಸಿ ಕೋಣೆಯಲ್ಲಿ ಇಡಲೂ ತಯಾರು. ತಮಾಷೆಯಲ್ಲ.

ಬಾಟನಿಟೀಚರ್ · ಜೂನ್ 13

ಎರಡನೆಯದಕ್ಕೆ ಮೊದಲು ಉತ್ತರ. ತರಿಸಬೇಡಿ. 2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ನೀಲಕುರಿಂಜಿ ಸಂರಕ್ಷಿತ ಸಸ್ಯಗಳ ಪಟ್ಟಿಯಲ್ಲಿದೆ. ಕೀಳುವುದು, ಮಾರುವುದು ಎರಡೂ ಅಪರಾಧ. 2024ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲೂ ಅದನ್ನು ‘ಅಪಾಯಕ್ಕೆ ಈಡಾಗಬಲ್ಲದ್ದು’ ಅಂತ ಸೇರಿಸಿದರು. ಪಶ್ಚಿಮ ಘಟ್ಟ ಬಿಟ್ಟರೆ ಪೂರ್ವ ಘಟ್ಟದಲ್ಲಿ ಸೇಲಂ ಹತ್ತಿರದ ಏರ್ಕಾಡಿನಲ್ಲಿ ಒಂದಿಷ್ಟು ಇದೆ. ಅಷ್ಟೇ ಅದರ ಪ್ರಪಂಚ. ಜಾತ್ರೆಯವನು ಕೊಟ್ಟದ್ದು ನಿಜವಾದದ್ದಾಗಿದ್ದರೆ ನಾನು ನಿಮ್ಮ ಮೇಲೆ ಸಿಟ್ಟಾಗುತ್ತಿದ್ದೆ. ಅವನು ಸುಳ್ಳು ಹೇಳಿದ್ದೇ ಒಳ್ಳೆಯದಾಯಿತು.

ಇನ್ನು ಎಸಿ. ತಂಪು ಒಂದರಿಂದ ಆಗುವುದಿಲ್ಲ. ಅಲ್ಲಿ ಹಗಲು ಸುಡುವ ಬಿಸಿಲು, ಅರ್ಧ ಗಂಟೆಯಲ್ಲಿ ಮಂಜು, ಚಳಿಗಾಲದ ಬೆಳಗ್ಗೆ ಕೆಲವು ಕಡೆ ಹುಲ್ಲಿನ ಮೇಲೆ ಹಿಮ. ಮಣ್ಣು ಹುಳಿ, ಕಪ್ಪು, ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ. ಶೋಲಾ ಮರಗಳ ಎಲೆಗೆ ಮೋಡ ತಾಗಿ ಮಳೆ ಇಲ್ಲದ ದಿನವೂ ಹನಿ ಬೀಳುತ್ತದೆ. ಇದನ್ನೆಲ್ಲ ಕೋಣೆಯೊಳಗೆ ತರುವುದಕ್ಕಿಂತ ಅಮ್ಮನನ್ನು ಅಲ್ಲಿಗೆ ಎತ್ತಿಕೊಂಡು ಹೋಗುವುದು ಅಗ್ಗ. ಸುಣ್ಣ ಅಂತೂ ಬೇಡವೇ ಬೇಡ.

ಮೊದಲನೆಯದು. ನಿಮ್ಮ ಗಿಡ ಸ್ಟ್ರೊಬಿಲಾಂಥಸ್ ಸಿಲಿಯಾಟ ಇರಬೇಕು. ಸಿಲಿಯಾ ಅಂದರೆ ರೆಪ್ಪೆಯ ಕೂದಲಿನಂಥ ರೋಮ. ನೀಲಕುರಿಂಜಿಯ ಎಲೆಯಾದರೆ ಅಂಚು ಹಲ್ಲುಹಲ್ಲು, ನರಗಳು ಎಣಿಸುವಷ್ಟು ಎದ್ದು ಕಾಣುತ್ತವೆ, ಇಷ್ಟು ಹೊಳಪಿರುವುದಿಲ್ಲ. ಸಿಲಿಯಾಟಕ್ಕೆ ಮಲಯಾಳದಲ್ಲಿ ಕರಿಂಕುರಿಂಜಿ ಅನ್ನುತ್ತಾರೆ. ಜಾತ್ರೆಯವನಿಗೆ ‘ಕರಿ’ ಹೋಗಿ ‘ನೀಲ’ ಆಯಿತು, ರೇಟೂ ಏರಿತು. ಇದೂ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಗಿಡ. ತಗ್ಗಿನಲ್ಲಿ, ನೆರಳಲ್ಲಿ ಚೆನ್ನಾಗಿ ಬದುಕುತ್ತದೆ. ನೀವು ಹಲಸಿನಡಿ ನೆಟ್ಟದ್ದು ಗೊತ್ತಿಲ್ಲದೆಯೇ ಸರಿಯಾಗಿದೆ.

ತುಡುವೆಪೆಟ್ಟಿಗೆ · ಜೂನ್ 13

ಅಯ್ಯೋ, ಅದು ಸಹಚರ! ಸಹಚರಾದಿ ತೈಲ ಮಾಡುವುದು ಕೇರಳದಲ್ಲಿ ಇದರಿಂದಲೇ. ಸೊಂಟನೋವು, ಕಾಲುಸೆಳೆತಕ್ಕೆ ಹಚ್ಚುತ್ತಾರಲ್ಲ. ಬೇರೆ ಕಡೆಯ ವೈದ್ಯರು ಸಹಚರ ಅಂತ ಹಳದಿ ಹೂವಿನ ಮುಳ್ಳುಗೋರಟೆಯನ್ನು ಬಳಸುತ್ತಾರೆ. ಅದರ ಮೇಲೆ ದೊಡ್ಡ ಜಗಳವೇ ಇದೆ. ನಮ್ಮ ತೋಟದ ಬದಿಯಲ್ಲಿ ಐದಾರು ಬುಡ ಇದೆ. ವರ್ಷವೂ ಚಳಿ ಹಿಡಿದಾಗ ಹೂ ಬರುತ್ತದೆ. ಹನ್ನೆರಡು ವರ್ಷ ಕಾಯಬೇಕಾಗಿಲ್ಲ. ಬೇರು ಕೇಳಿಕೊಂಡು ಯಾರಾದರೂ ಬಂದರೆ ಕೊಡಬೇಡಿ, ಬುಡಸಮೇತ ಎಬ್ಬಿಸುತ್ತಾರೆ.

ಅಡಿಕೆಹಾಳೆ (ಪೆರ್ಲ) · ಜೂನ್ 13

ಅಮ್ಮ ಆ ಎಣ್ಣೆಯನ್ನು ಆರು ವರ್ಷದಿಂದ ಹಚ್ಚುತ್ತಿದ್ದಾರೆ.

ಸವಾರಿ_ಸುಳ್ಯ · ಜೂನ್ 13

750 ರೂಪಾಯಿಗೆ ಮೂರು ಬುಡ ಔಷಧಿ. ಹಾಗಾದರೆ ನಷ್ಟ ಇಲ್ಲ ಭಾವ, ನನ್ನ ಮೊದಲನೇ ಮಾತು ವಾಪಸ್.

ಪಾರೆಹುಡುಗಿ (ಮುಳ್ಳೇರಿಯ) · ಜೂನ್ 15

ನೀಲಿ ಹೂವೇ ಬೇಕಿದ್ದರೆ ಮನೆ ಹಿಂದಿನ ಪಾರೆಗೆ ಹೋಗಿ ಅಣ್ಣ! ನಮ್ಮ ಕಾಸರಗೋಡಿನವರಿಗೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡ ಅಂದರೆ ಕಲ್ಲು ಕಡಿಯುವ ಜಾಗ ಅಷ್ಟೆ. ಬೇಸಗೆಯಲ್ಲಿ ಕಾದ ಹಂಚು. ಆಟಿ ತಿಂಗಳು ಕಳೆಯುವ ಹೊತ್ತಿಗೆ ಅದೇ ಕಲ್ಲಿನ ಗುಂಡಿಗಳಲ್ಲಿ ಬೆರಳಷ್ಟು ನೀರು ನಿಂತು, ಅದರೊಳಗಿಂದ ಬೆರಳುಗುರಿನಷ್ಟು ನೀಲಿ ಹೂ ಏಳುತ್ತದೆ. ಓಣಂ ರಂಗೋಲಿಗೆ ಮಲಯಾಳಿ ಮಕ್ಕಳು ಬುಟ್ಟಿ ಹಿಡಿದು ಕೊಯ್ಯುವ ಕಾಕ್ಕಪ್ಪೂ ಅದೇ. ಕುಲದ ಹೆಸರು ಯುಟ್ರಿಕ್ಯುಲೇರಿಯ. ನೋಡಲು ಪಾಪ, ಆದರೆ ಬೇಟೆಗಾರ. ನೀರಿನೊಳಗೆ ಸಾಸಿವೆಗಿಂತ ಸಣ್ಣ ಚೀಲಗಳಿವೆ. ಹುಳ ಬಾಯಿಯ ಹತ್ತಿರದ ರೋಮ ಮುಟ್ಟಿದರೆ ಚೀಲ ತಟ್ಟನೆ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಮುರಕಲ್ಲಿನಲ್ಲಿ ಸಾರ ಇಲ್ಲ, ಅದಕ್ಕೇ ಈ ಉಪಾಯ.

ಎರಡು ಮೂರು ತಿಂಗಳಿನ ಬದುಕು. ನೀರು ಆರಿದರೆ ಮುಗಿಯಿತು. ಜೀಪು ಬೇಡ, ಘಟ್ಟ ಬೇಡ. ಜಾರುತ್ತದೆ, ಅಮ್ಮನ ಕೈ ಹಿಡಿದುಕೊಳ್ಳಿ.

ಘಟ್ಟದಮೇಲೆ · ಜೂನ್ 15

ಇದು ವಿಷಯಕ್ಕೆ ಹೊರತು.

ಬಾಟನಿಟೀಚರ್ · ಜೂನ್ 15

ಇಲ್ಲ, ಇದೇ ವಿಷಯ. ಮುಂದುವರಿಯಲಿ.

ಅಡಿಕೆಹಾಳೆ (ಪೆರ್ಲ) · ಆಗಸ್ಟ್ 24

ಹೋಗಿದ್ದೆವು. ಅಮ್ಮ ಮೊದಲು "ಪಾರೆಯಲ್ಲಿ ನೋಡಲಿಕ್ಕೆ ಏನಿದೆ" ಅಂತ ಹೊರಡಲೇ ಒಪ್ಪಲಿಲ್ಲ. ಕೊನೆಗೆ ಕೊಡೆ ಊರಿಕೊಂಡು ಬಂದರು. ಮೇಲೆ ಹತ್ತಿದ ಕೂಡಲೇ ಮಂಜಿನ ಹಾಗೆ ಸೋನೆ ಹಿಡಿಯಿತು. ಪಾರೆಹುಡುಗಿ ಹೇಳಿದ್ದು ನಿಜ, ಬಯಲಿಡೀ ನೀಲಿ ಅಲ್ಲ, ಒಂದೊಂದು ಗುಂಡಿ ಒಂದೊಂದು ನೀಲಿ ಚಾಪೆ. ಅಮ್ಮ ಕುಕ್ಕರಗಾಲಿನಲ್ಲಿ ಕೂತು ತುಂಬ ಹೊತ್ತು ನೋಡಿದರು. ಆಮೇಲೆ ಏಳಲಿಕ್ಕೆ ಆಗಲಿಲ್ಲ, ನಾನೇ ಎತ್ತಿದೆ. ಸಣ್ಣವರಿದ್ದಾಗ ದನ ಮೇಯಿಸಲು ಇಲ್ಲಿಗೇ ಬರುತ್ತಿದ್ದರಂತೆ. ನನಗೆ ಇದು ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಪಾರೆಯ ಆ ಬದಿಯಲ್ಲಿ ಕಲ್ಲು ಕಡಿಯುವ ಯಂತ್ರ ನಿಲ್ಲಿಸಿದ್ದಾರೆ. ಮಳೆ ಬಿಟ್ಟ ಮೇಲೆ ಶುರು ಅಂತೆ.

ಕೋತಗಿರಿಯವಳು · ಆಗಸ್ಟ್ 24

ಎಲ್ಲಿ ಹೂ ಇದೆಯೋ ಅಲ್ಲಿನ ಫೋಟೋ, ತಾರೀಕು ಹಾಕಿ ತೆಗೆದಿಟ್ಟುಕೊಳ್ಳಿ. ಬೇಸಗೆಯಲ್ಲಿ ಅದು ಬರೀ ಕಲ್ಲು ಅನ್ನುತ್ತಾರೆ. ನಾವು ತೆಗೆದಿಟ್ಟಿರಲಿಲ್ಲ.

ಅಡಿಕೆಹಾಳೆ (ಪೆರ್ಲ) · ಆಗಸ್ಟ್ 25

ಇವತ್ತು ಮತ್ತೆ ಹೋಗಿ 64 ಫೋಟೋ ತೆಗೆದೆ. ಪಂಚಾಯತ್ ಸದಸ್ಯರಿಗೆ ತೋರಿಸುತ್ತೇನೆ.

ಅಡಿಕೆಹಾಳೆ (ಪೆರ್ಲ) · ಜನವರಿ 11

ಟೀಚರ್, ಉಳಿದ ಹತ್ತು ಪಾಲು ಹೇಳಿ. ಫೋಟೋ ಹಾಕಿದ್ದೇನೆ. ಬಾವಿಕಟ್ಟೆಯ ಹತ್ತಿರದ ಬುಡದಲ್ಲಿ ಹೂ ಬಂದಿದೆ. ಬಿಳಿ. ಅಂಚಿನಲ್ಲಿ ಕಂಡೂ ಕಾಣದಷ್ಟು ನೇರಳೆ. ಒಳಗೆ ರೋಮ.

ಬಾಟನಿಟೀಚರ್ · ಜನವರಿ 11

ನೂರು ಪಾಲು ಕರಿಂಕುರಿಂಜಿ. ತೆನೆ ಒಣಗಿದ ಮೇಲೆ ಕಾಯಿ ಸಿಡಿಯುವುದನ್ನು ಅಮ್ಮನಿಗೆ ತೋರಿಸಿ.

ಅಡಿಕೆಹಾಳೆ (ಪೆರ್ಲ) · ಜನವರಿ 12

ಅಮ್ಮ ಆಗಲೇ ಒಂದು ಹೂ ಕಿತ್ತು ದೇವರಿಗಿಟ್ಟರು. "ನೀಲಿ ಎಲ್ಲಿ?" ಅಂತ ಕೇಳಿದರು. ಅಂಚು ತೋರಿಸಿದೆ. ಕನ್ನಡಕ ತರಲು ಒಳಗೆ ಹೋಗಿದ್ದಾರೆ.